ಒಮ್ಮೊಮ್ಮೆ ಫೇಲಾಗುವ ಟೆಸ್ಟು

ಡೊಂಬಿವಲಿಯಿಂದ ಹೊರಡುವ ಬೆಳಗಿನ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಸೀಟು ಹಿಡಿಯುವುದಕ್ಕೆ ಒಂದು ಕ್ರಮವಿದೆ. ಕೂತವರ ಹತ್ತಿರ ಹೋಗಿ ಎಲ್ಲಿ ಇಳಿಯುತ್ತೀರಿ ಎಂದು ಕೇಳಬೇಕು. ಥಾಣೆ ಎಂದು ಉತ್ತರ ಬಂದರೆ, ಥಾಣೆಯಿಂದ ಮುಂದಕ್ಕೆ ಆ ಸೀಟು ಕೇಳಿದವರದು. ಚೀಟಿ ಇಲ್ಲ, ಸಹಿ ಇಲ್ಲ, ಬಾಯಿಮಾತಷ್ಟೆ. ಹೆಚ್ಚಿನ ದಿನ ಇದು ಜಗಳವಿಲ್ಲದೆ ನಡೆಯುತ್ತದೆ. ಒಮ್ಮೊಮ್ಮೆ ಮಾತ್ರ ಕೇಳಿದ್ದಕ್ಕೂ ಕೂರುವುದಕ್ಕೂ ನಡುವೆ ಇನ್ನೊಬ್ಬರು ನುಸುಳಿ ಕೂತುಬಿಡುತ್ತಾರೆ. ಆಗ ಇಬ್ಬರದೂ ವಾದ ಒಂದೇ: 'ನಾನು ಕೇಳಿದ್ದೆ.' ಇಬ್ಬರೂ ಹೇಳುವುದು ನಿಜವೇ.

ಅವಳು ಥಾಣೆಯಲ್ಲಿ ಇಳಿಯುವವಳು. ಆದ್ದರಿಂದ ಅವಳ ಸೀಟಿಗೆ ದಿನವೂ ಇಬ್ಬರು ಮೂವರು ಹಕ್ಕುದಾರರಿರುತ್ತಾರೆ. ಇಳಿದು, ಸೇತುವೆ ಹತ್ತಿ, ವಾಶಿ ಕಡೆಯ ಗಾಡಿ ಹಿಡಿದು ಐರೋಲಿ, ರಬಾಳೆ ದಾಟಿ ಕಚೇರಿ ತಲುಪುತ್ತಾಳೆ. ಥಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಮೊದಲು ರಾಸಾಯನಿಕ ಕಾರ್ಖಾನೆಗಳಿದ್ದ ಜಾಗಗಳಲ್ಲಿ ಈಗ ಗಾಜಿನ ಕಟ್ಟಡಗಳಿವೆ. ಅಂಥದ್ದೊಂದರಲ್ಲಿ ಅವಳ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಕೆಲಸ ಖಾಯಂ ಅಲ್ಲ, ಆರು ತಿಂಗಳ ಗುತ್ತಿಗೆ. ಆರು ತಿಂಗಳಿಗೊಮ್ಮೆ ನವೀಕರಣವಾಗಬೇಕು.

ಆ ವರ್ಷದ ಫೆಬ್ರವರಿಯಲ್ಲಿ ಅವಳ ಫೋನಿಗೆ ಬೆಳಿಗ್ಗೆ ಬೆಳಿಗ್ಗೆಯೇ ಕೆಂಪು ಸಂದೇಶಗಳು ಬರತೊಡಗಿದವು. ರಾತ್ರಿ ಸರ್ವರ್ ಮೇಲೆ ತಾನಾಗಿ ನಡೆಯುವ ಟೆಸ್ಟುಗಳಲ್ಲಿ ಒಂದು ಫೇಲಾಗಿದೆ, ಬರೆದವರು ಇಂಥವರು ಎಂದು ಅವಳದೇ ಹೆಸರು. ಕಚೇರಿಗೆ ಹೋಗಿ ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಟೆಸ್ಟ್ ಓಡಿಸಿದರೆ ಪಾಸು. ಹತ್ತು ಸಲ ಓಡಿಸಿದರೆ ಹತ್ತು ಸಲವೂ ಪಾಸು. ಎರಡು ದಿನ ಸುಮ್ಮನಿದ್ದು ಮೂರನೆಯ ರಾತ್ರಿ ಮತ್ತೆ ಫೇಲು. ಹಲ್ಲುನೋವು ವೈದ್ಯರ ಬಾಗಿಲಿಗೆ ಹೋದಕೂಡಲೇ ನಿಂತುಬಿಡುವಂಥ ಕಥೆ.

ಆ ಟೆಸ್ಟು ಪರೀಕ್ಷಿಸುತ್ತಿದ್ದದ್ದು ಪತಪೇಢಿಗಳು ಬಳಸುವ ಒಂದು ತಂತ್ರಾಂಶವನ್ನು. ಪತಪೇಢಿ ಎಂದರೆ ಮಹಾರಾಷ್ಟ್ರದ ಊರೂರಿನಲ್ಲಿರುವ ಸಣ್ಣ ಸಹಕಾರಿ ಪತ್ತಿನ ಸಂಸ್ಥೆ. ತರಕಾರಿ ಮಾರುವವರು, ರಿಕ್ಷಾ ಓಡಿಸುವವರು ದಿನಕ್ಕೆ ಇಷ್ಟು ಎಂದು ಕಟ್ಟುವ ಹಣ ಅಲ್ಲಿರುತ್ತದೆ. ಶಾಖೆಯವರು ಕೇಳಿದಾಗ ತಂತ್ರಾಂಶ ಆ ಶಾಖೆಯ ಸದಸ್ಯರ ಬಡ್ಡಿ ವಿವರವನ್ನು ಒಂದು ಫೈಲಿನಲ್ಲಿ ಬರೆದು ಕೊಡಬೇಕು. ಟೆಸ್ಟು ಮಾಡುವುದಿಷ್ಟು: ಸುಳ್ಳು ಶಾಖೆಯೊಂದನ್ನು ಸೃಷ್ಟಿಸಿ, ಅದಕ್ಕೆ ಮೂವರು ಸುಳ್ಳು ಸದಸ್ಯರನ್ನು ಸೇರಿಸಿ, ವಿವರ ಕೇಳಿ, ಬಂದ ಫೈಲಿನಲ್ಲಿ ಆ ಮೂವರೇ ಇದ್ದಾರೆಯೇ ಎಂದು ನೋಡಿ, ಕೊನೆಗೆ ಎಲ್ಲವನ್ನೂ ಅಳಿಸಿಹಾಕುವುದು.

ಇಂಥ ಟೆಸ್ಟಿಗೆ ಸ್ವಲ್ಪ ಹೊತ್ತಿಗೆ ಮಾತ್ರ ಬೇಕಾಗುವ ಫೈಲುಗಳಿರುತ್ತವೆ. ಅವನ್ನು ಇಡಲು ಪ್ರತಿ ಕಂಪ್ಯೂಟರಿನಲ್ಲೂ ಒಂದು ಸಾರ್ವಜನಿಕ ಜಾಗವಿದೆ. ಯುನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳಲ್ಲಿ ಅದರ ಹೆಸರು ಟೆಂಪ್ ಡೈರೆಕ್ಟರಿ. ಅಲ್ಲಿ ಯಾರು ಬೇಕಾದರೂ ಬರೆಯಬಹುದು. ಹಾಗೆಂದು ಯಾರು ಬೇಕಾದರೂ ಯಾರದನ್ನಾದರೂ ಅಳಿಸಬಾರದಲ್ಲ? ಅದಕ್ಕೆಂದೇ 1986ರಲ್ಲಿ ಬಂದ ಬರ್ಕ್ಲಿ ಯುನಿಕ್ಸ್‌ನ 4.3 ಆವೃತ್ತಿ ಡೈರೆಕ್ಟರಿಗೆ 'ಸ್ಟಿಕಿ ಬಿಟ್' ಎಂಬ ಗುರುತು ಹಾಕುವ ಪದ್ಧತಿ ತಂದಿತು. ಆ ಗುರುತಿರುವ ಡೈರೆಕ್ಟರಿಯಲ್ಲಿ ಎಲ್ಲರೂ ಬರೆಯಬಹುದು, ಆದರೆ ಫೈಲನ್ನು ಅಳಿಸುವ ಅಧಿಕಾರ ಫೈಲಿನ ಒಡೆಯನಿಗೆ, ಡೈರೆಕ್ಟರಿಯ ಒಡೆಯನಿಗೆ ಮತ್ತು ಯಂತ್ರದ ಯಜಮಾನನಿಗೆ ಮಾತ್ರ. ಇಂದಿಗೂ ಟೆಂಪ್ ಡೈರೆಕ್ಟರಿ ನಡೆಯುವುದು ಇದೇ ಕಟ್ಟಳೆಯಲ್ಲಿ.

ಕಟ್ಟಳೆಗೆ ಒಂದು ಮಿತಿಯಿದೆ. ಅದು ಬೇರೆ ಬೇರೆ ಬಳಕೆದಾರರ ನಡುವೆ ಬೇಲಿ ಹಾಕುತ್ತದೆ, ಒಬ್ಬನೇ ಬಳಕೆದಾರನ ಹೆಸರಿನಲ್ಲಿ ಓಡುವ ನೂರು ಟೆಸ್ಟುಗಳ ನಡುವೆ ಹಾಕುವುದಿಲ್ಲ. ರಾತ್ರಿಯ ಸರ್ವರಿನಲ್ಲಿ ಟೆಸ್ಟುಗಳೆಲ್ಲ ಒಂದೇ ಹೆಸರಿನಲ್ಲಿ ಓಡುತ್ತವೆ. ಕೆಲಸ ಬೇಗ ಮುಗಿಯಲೆಂದು ನಾಲ್ಕು ನಾಲ್ಕಾಗಿ, ಒಟ್ಟಿಗೆ ಓಡುತ್ತವೆ. ಅವಳ ಲ್ಯಾಪ್‌ಟಾಪಿನಲ್ಲಿ ಒಂದಾದ ಮೇಲೆ ಒಂದು ಓಡುತ್ತಿದ್ದವು. ವ್ಯತ್ಯಾಸ ಇದ್ದದ್ದು ಅಲ್ಲೇ.

ತಂಡದ ಮುಖ್ಯಸ್ಥರಿಗೆ ಇದನ್ನು ಹುಡುಕುತ್ತ ಕೂರಲು ಸಮಯವಿರಲಿಲ್ಲ. ಫೇಲಾದರೆ ಮತ್ತೆ ಓಡಿಸಲಿ, ಮೂರು ಸಲದಲ್ಲಿ ಒಮ್ಮೆ ಪಾಸಾದರೂ ಪಾಸೆಂದೇ ಲೆಕ್ಕ ಎಂದು ಸರ್ವರಿಗೆ ಸೂಚನೆ ಹಾಕಿಸಿದರು. ಕೆಂಪು ಸಂದೇಶ ನಿಂತಿತು. ತಂಡಕ್ಕೆ ನೆಮ್ಮದಿಯಾಯಿತು. ಅವಳಿಗೂ ಅರ್ಧ ನೆಮ್ಮದಿ, ಏಕೆಂದರೆ ಗುತ್ತಿಗೆ ಮುಗಿಯಲು ಬಾಕಿ ಇದ್ದದ್ದು ಆರು ವಾರ. ಹೆಸರಿನ ಮುಂದೆ ಕೆಂಪು ಇಲ್ಲದಿರುವುದು ಒಳ್ಳೆಯದೇ. ಆದರೂ ಫೇಲಾದದ್ದೇಕೆ ಎಂಬುದು ಗೊತ್ತಾಗದೆ ಮನಸ್ಸು ಸುಮ್ಮನಾಗಲಿಲ್ಲ.

ಅವಳ ಅಪ್ಪಯ್ಯ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಪಾಠ, ಆಮೇಲೆ ಹೋಟೆಲಿನ ಮೇಜುಗಳ ಮೇಲೆಯೇ ನಿದ್ದೆ. ಕೊನೆಯ ಇಪ್ಪತ್ತು ವರ್ಷ ಕಲ್ಯಾಣ್ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಅಡುಗೆಮನೆ ನೋಡಿಕೊಂಡು, ಈಗ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿದ್ದಾರೆ. ಮಗಳು ಊಟಕ್ಕೆ ಕೂತಾಗ ಟೆಸ್ಟಿನ ವಿಷಯ ಹೇಳಿದಳು. ಫೈಲು, ಡೈರೆಕ್ಟರಿ ಅವರಿಗೆ ಬೇಕಿರಲಿಲ್ಲ. ಕೆಲಸ ಮುಗಿದ ಮೇಲೆ ಗಲೀಜು ಬಿಟ್ಟುಹೋದರೆ ಮುಂದಿನವರ ಕೆಲಸ ಕೆಡುತ್ತದೆ ಎಂಬುದು ಮಾತ್ರ ಒಂದೇ ಸಲಕ್ಕೆ ಅರ್ಥವಾಯಿತು.

"ನಮ್ಮಲ್ಲ್ ಒಂದೇ ಮಾತ್ ಮಗಾ. ರುಬ್ಬಿದವ್ನೇ ಕಲ್ಲ್ ತೊಳೀಕ್" ಎಂದರು.

ಹಾಗಾದರೆ ಅವನು ಬೇರೆಯವರ ಹಿಟ್ಟಿನ ಪಾತ್ರೆಯನ್ನೂ ತೊಳೆದುಬಿಟ್ಟರೆ ಏನು ಗತಿ ಎಂದು ಅವಳು ಕೇಳಿದಳು. ಅಪ್ಪಯ್ಯ ನಕ್ಕರು. ಹಾಗೂ ಆಗಿತ್ತಂತೆ. ಹೊಸ ಹುಡುಗನೊಬ್ಬ ಶುಚಿ ಜಾಸ್ತಿಯಾಗಿ, ಬೆಳಗಿನ ಇಡ್ಲಿಗೆಂದು ಹುಳಿ ಬರಲು ಇಟ್ಟ ಹಿಟ್ಟನ್ನೂ ಚೆಲ್ಲಿ ಪಾತ್ರೆ ತಿಕ್ಕಿಟ್ಟಿದ್ದನಂತೆ.

ಮರುದಿನ ಸಿಕ್ಕಿದ್ದು ಸರಿಯಾಗಿ ಅದೇ. ಅವಳ ಟೆಸ್ಟಿನ ಕೊನೆಯ ಸಾಲು ಟೆಂಪ್ ಡೈರೆಕ್ಟರಿಯಲ್ಲಿ 'ವಿವರ' ಎಂದು ಶುರುವಾಗುವ ಫೈಲುಗಳನ್ನೆಲ್ಲ ಅಳಿಸುತ್ತಿತ್ತು. ತನ್ನದು, ಪಕ್ಕದ್ದು ಎಂಬ ಭೇದ ಅದಕ್ಕಿರಲಿಲ್ಲ. ಒಟ್ಟಿಗೆ ಓಡುವ ನಾಲ್ಕರಲ್ಲಿ ಬೇಗ ಮುಗಿದದ್ದು, ಇನ್ನೂ ಓದುತ್ತಿದ್ದವುಗಳ ಫೈಲನ್ನೂ ಅಳಿಸಿ ಹೋಗುತ್ತಿತ್ತು. ತಪ್ಪು ತನ್ನದೇ ಎಂದು ಗೊತ್ತಾದಾಗ ನಾಚಿಕೆಯೂ ಆಯಿತು, ಹಗುರವೂ ಆಯಿತು.

ಅಳಿಸುವ ಸಾಲಿನಲ್ಲಿ ಎಡವಿದವಳು ಅವಳೊಬ್ಬಳೇ ಅಲ್ಲ. 2015ರ ಜನವರಿಯಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಇಂಥದ್ದೇ ಒಂದು ಸಾಲು ಸುದ್ದಿಯಾಯಿತು. ಒಂದು ಡೈರೆಕ್ಟರಿಯ ಹೆಸರನ್ನು ಪೆಟ್ಟಿಗೆಯಂಥ ಒಂದು ಪದದಲ್ಲಿ ಇಟ್ಟುಕೊಂಡು, ಅದರೊಳಗಿನದನ್ನೆಲ್ಲ ಅಳಿಸು ಎನ್ನುವ ಸಾಲದು. ಸ್ಟೀಮ್ ಡೈರೆಕ್ಟರಿಯನ್ನು ಬೇರೆಡೆ ಸರಿಸಿದವರಲ್ಲಿ ಆ ಪೆಟ್ಟಿಗೆ ಖಾಲಿಯಾಗಿಬಿಡಬಹುದಿತ್ತು. ಆಗ ಅದೇ ಸಾಲಿಗೆ ಯಂತ್ರದ ಬುಡದಿಂದ ಎಲ್ಲವನ್ನೂ ಅಳಿಸು ಎಂಬ ಅರ್ಥ ಬರುತ್ತಿತ್ತು. ಬಳಕೆದಾರರ ಸ್ವಂತ ಫೈಲುಗಳು ಹೋದವು. ಆ ಸಾಲಿನ ಮೇಲೆ, ಹೆದರಿಕೆಯಾಗುತ್ತದೆ ಎಂಬರ್ಥದ ಒಂದೇ ಪದದ ಟಿಪ್ಪಣಿಯನ್ನು ಬರೆದವರೇ ಇಟ್ಟಿದ್ದರು. ಹೆದರಿಕೆ ಇತ್ತು, ಎಚ್ಚರಿಕೆ ಇರಲಿಲ್ಲ.

ಅವಳು ಟೆಸ್ಟುಗಳನ್ನು ತಿದ್ದಿದಳು. ಸಾರ್ವಜನಿಕ ಜಾಗದಲ್ಲಿ ತಾನೇ ಹೆಸರು ಕೊಟ್ಟು ಫೈಲು ಇಡುವುದನ್ನು ಬಿಟ್ಟು, ಪ್ರತಿ ಟೆಸ್ಟಿಗೂ ಅದರದೇ ಒಂದು ಖಾಲಿ ಡೈರೆಕ್ಟರಿ ಸಿಗುವಂತೆ ಮಾಡಿದಳು. ಇದಕ್ಕೆ ಬೇಕಾದ ಸಲಕರಣೆಗಳು ಮೊದಲೇ ಇವೆ. ಪೈಥಾನ್ ಭಾಷೆಯ ಪೈಟೆಸ್ಟ್‌ನಲ್ಲಿ 'ಟಿಎಂಪಿ ಪಾತ್' ಎಂದು ಕೇಳಿದರೆ ಸಾಕು, ಬೇರೆ ಯಾರಿಗೂ ಕೊಡದ ಡೈರೆಕ್ಟರಿಯೊಂದು ಆ ಟೆಸ್ಟಿಗೆ ಸಿಗುತ್ತದೆ. ಜಾವಾದವರಿಗೆ ಜೆಯೂನಿಟ್ 5ರಲ್ಲಿ 'ಟೆಂಪ್‌ಡೈರ್' ಎಂಬ ಗುರುತಿದೆ. ಗೋ ಭಾಷೆಗೆ 2020ರ 1.15 ಆವೃತ್ತಿಯಲ್ಲಿ ಇಂಥದ್ದೇ ಸೌಕರ್ಯ ಸೇರಿತು. ಡೈರೆಕ್ಟರಿ ಕೊಟ್ಟವನೇ ಅದನ್ನು ತೆಗೆಯುವ ಜವಾಬ್ದಾರಿಯನ್ನೂ ಹೊರುತ್ತಾನೆ, ಟೆಸ್ಟು ಬರೆದವರು ಅಳಿಸುವ ಸಾಲು ಬರೆಯಬೇಕಾಗಿಯೇ ಇಲ್ಲ.

ಪೈಟೆಸ್ಟ್‌ನ ಒಂದು ಅಭ್ಯಾಸ ಮೊದಲಿಗೆ ಅವಳಿಗೆ ಸೋಮಾರಿತನದಂತೆ ಕಂಡಿತು. ಟೆಸ್ಟು ಮುಗಿದ ತಕ್ಷಣ ಅದು ಡೈರೆಕ್ಟರಿಯನ್ನು ಅಳಿಸುವುದಿಲ್ಲ. ಬೇರೆ ಸೂಚನೆ ಇಲ್ಲದಿದ್ದರೆ ಕೊನೆಯ 3 ಸಲದ ಓಟದ ಡೈರೆಕ್ಟರಿಗಳನ್ನು ಇಟ್ಟುಕೊಂಡು, ಅದಕ್ಕಿಂತ ಹಳೆಯವನ್ನಷ್ಟೇ ತೆಗೆಯುತ್ತದೆ. ಫೇಲಾದ ಟೆಸ್ಟು ಏನು ಬರೆದಿತ್ತು ಎಂದು ಬೆಳಿಗ್ಗೆ ಬಂದು ನೋಡಬೇಕಾದರೆ ರಾತ್ರಿಯ ಫೈಲು ಉಳಿದಿರಬೇಕಲ್ಲ?

ಉಳಿಸುವುದಕ್ಕೂ ಮಿತಿ ಬೇಕು. ಸರ್ವರ್ ನೋಡಿಕೊಳ್ಳುವವರು ಕಲ್ಯಾಣಿನಿಂದ ಬರುತ್ತಿದ್ದರು, ತಂಡದವರೆಲ್ಲ ಅವರನ್ನು ದಾದಾ ಎನ್ನುತ್ತಿದ್ದರು. ಹಿಂದೊಮ್ಮೆ ಶುಕ್ರವಾರ ರಾತ್ರಿ ಟೆಂಪ್ ತುಂಬಿ ಡಿಸ್ಕಿನಲ್ಲಿ ಜಾಗವಿಲ್ಲದೆ, ಯಾವ ತಂಡದ ಟೆಸ್ಟೂ ಓಡದೆ ನಿಂತ ಕಥೆಯನ್ನು ಅವರು ಹೇಳಿದರು. ಟೆಸ್ಟು ನಡುವೆ ಸತ್ತರೆ, ಅಥವಾ ಯಾರಾದರೂ ಬಲವಂತವಾಗಿ ನಿಲ್ಲಿಸಿದರೆ, ಕೊನೆಯಲ್ಲಿ ಅಳಿಸುವ ಸಾಲಿಗೆ ಸರದಿಯೇ ಬರುವುದಿಲ್ಲ. ಆದ್ದರಿಂದ ಒಡೆಯನ ಶುಚಿಯ ಜೊತೆಗೆ ಊರಿನ ಜಾಡಮಾಲಿಯೂ ಬೇಕು. ಅನೇಕ ಲಿನಕ್ಸ್ ಯಂತ್ರಗಳಲ್ಲಿ ಆ ಕೆಲಸ ಸಿಸ್ಟಮ್‌ಡಿಯದು. ಅದರ ಮೂಲ ನಿಯಮದ ಪ್ರಕಾರ ಟೆಂಪ್‌ನಲ್ಲಿ 10 ದಿನ ಯಾರೂ ಮುಟ್ಟದ ಫೈಲು ಹೋಗುತ್ತದೆ. ಯಂತ್ರ ಮರುಚಾಲೂ ಆದರೂ ಉಳಿಯಬೇಕಾದ ಇನ್ನೊಂದು ತಾತ್ಕಾಲಿಕ ಜಾಗವಿದೆ, ಅಲ್ಲಿಯ ಗಡುವು 30 ದಿನ.

ತಿದ್ದುಪಡಿಯ ನಂತರ ಕೆಂಪು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮರುಪ್ರಯತ್ನದ ಸೂಚನೆಯನ್ನು ತನ್ನ ಟೆಸ್ಟಿನ ಮಟ್ಟಿಗೆ ಅವಳು ತೆಗೆಸಿದ್ದಳು. ವಾರಕ್ಕೊಮ್ಮೆ ಅದು ಇನ್ನೂ ಫೇಲಾಗುತ್ತಿತ್ತು. ತಂತ್ರಾಂಶ ತಾನು ಬರೆಯುವ ವಿವರದ ಫೈಲನ್ನು ಇನ್ನೂ ಸಾರ್ವಜನಿಕ ಟೆಂಪ್‌ನಲ್ಲೇ ಇಡುತ್ತಿದೆ ಎಂದು ಗೊತ್ತಾಯಿತು. ಅದನ್ನೂ ಬದಲಿಸಬಹುದಿತ್ತು. ಟೆಂಪ್ ಎಲ್ಲಿದೆ ಎಂದು ಹೇಳುವ ಒಂದು ಸೂಚನೆ ಇರುತ್ತದೆ, ಪ್ರತಿ ಟೆಸ್ಟಿನಲ್ಲಿ ಅದನ್ನು ಆ ಟೆಸ್ಟಿನ ಸ್ವಂತ ಡೈರೆಕ್ಟರಿಗೆ ತಿರುಗಿಸಿದರಾಯಿತು. ತಿರುಗಿಸಿದಳು. ನಾಲ್ಕು ರಾತ್ರಿ ಎಲ್ಲವೂ ಹಸಿರು. ಮುಖ್ಯಸ್ಥರು ಶಾಭಾಸ್ ಎಂದು ಸಂದೇಶ ಕಳಿಸಿದರು. ಗುತ್ತಿಗೆ ಮುಗಿಯಲು ಇನ್ನು ಮೂರು ವಾರ.

ಐದನೆಯ ದಿನ ಸಂಜೆ, ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ಕಲ್ಯಾಣ್ ಗಾಡಿಗೆ ಕಾಯುತ್ತ, ಹಿಂದಿನ ವಾರದ ಫೇಲಾದ ಸಂದೇಶವನ್ನು ಫೋನಿನಲ್ಲಿ ಮತ್ತೆ ತೆಗೆದು ನೋಡಿದಳು. ಅದರಲ್ಲಿ 'ಫೈಲು ಸಿಗಲಿಲ್ಲ' ಎಂದಿರಲಿಲ್ಲ. 'ನಿರೀಕ್ಷಿಸಿದ ಸದಸ್ಯರು 3, ಸಿಕ್ಕವರು 5' ಎಂದಿತ್ತು.

ಅಳಿಸಿದ್ದರಿಂದ ಆದ ತೊಂದರೆಯಾಗಿದ್ದರೆ ಫೈಲೇ ಇರುತ್ತಿರಲಿಲ್ಲ. ಇಲ್ಲಿ ಫೈಲಿತ್ತು, ಒಳಗೆ ಬೇರೆಯವರಿದ್ದರು. ಆ ಐವರು ಯಾರೆಂದು ಅವಳಿಗೆ ಗೊತ್ತಿತ್ತು, ಪಕ್ಕದ ಟೆಸ್ಟಿನ ಶಾಖೆಗೆ ಅವರನ್ನು ಸೇರಿಸಿದವಳು ಅವಳೇ. ಒಂದು ಶಾಖೆ ಕೇಳಿದ ವಿವರದಲ್ಲಿ ಇನ್ನೊಂದು ಶಾಖೆಯ ಸದಸ್ಯರು ಬಂದಿದ್ದರು. ಹಾಗೆ ಬೆರೆಸುವಂಥದ್ದು ಟೆಸ್ಟಿನಲ್ಲಿ ಏನೂ ಇರಲಿಲ್ಲ.

ಮರುದಿನ ತಂತ್ರಾಂಶದ ಒಳಗನ್ನು ಓದಿದಾಗ ಕಾರಣ ಸಿಕ್ಕಿತು. ಅದು ತಾತ್ಕಾಲಿಕ ಫೈಲಿಗೆ ಕೊಡುತ್ತಿದ್ದ ಹೆಸರು ದಿನಾಂಕ ಮತ್ತು ಸಮಯ, ಸೆಕೆಂಡಿನವರೆಗೆ ಮಾತ್ರ. ಒಂದೇ ಸೆಕೆಂಡಿನಲ್ಲಿ ಎರಡು ಶಾಖೆ ಕೇಳಿದರೆ ಎರಡಕ್ಕೂ ಒಂದೇ ಹೆಸರು. ಬರೆಯುವ ಮೊದಲು ಆ ಹೆಸರಿನ ಫೈಲು ಇದೆಯೇ ಎಂದು ನೋಡುವ ಸಾಲೂ ಇತ್ತು. ಅದು ನೋಡುತ್ತಿತ್ತು, ಇಲ್ಲ ಎಂದು ತಿಳಿಯುತ್ತಿತ್ತು, ಆಮೇಲೆ ಬರೆಯುತ್ತಿತ್ತು. ನೋಡುವುದಕ್ಕೂ ಬರೆಯುವುದಕ್ಕೂ ನಡುವಿನ ಸಂದಿನಲ್ಲಿ ಇನ್ನೊಂದು ಬಂದು ಕೂತರೆ ಲೋಕಲ್‌ನ ಸೀಟಿನ ಕಥೆಯೇ. ಇಬ್ಬರೂ ಕೇಳಿದ್ದರು, ಸೀಟು ಒಂದೇ ಇತ್ತು.

ಈ ಸಂದು ಕಂಪ್ಯೂಟರ್ ಲೋಕಕ್ಕೆ ಹೊಸದಲ್ಲ. ಬೇರೆ ಯಾರೂ ಬಳಸದ ಹೆಸರೊಂದನ್ನು ಹುಡುಕಿ ಹೇಳುವ 'ಎಂಕೆಟೆಂಪ್' ಎಂಬ ಹಳೆಯ ಸೌಕರ್ಯ ಪೈಥಾನ್‌ನಲ್ಲೂ ಇತ್ತು. 2003ರ 2.3 ಆವೃತ್ತಿಯಲ್ಲಿ ಅದನ್ನು ಬಳಸಬೇಡಿ ಎಂದು ಘೋಷಿಸಿದರು. ಅದು ಹೆಸರನ್ನಷ್ಟೇ ಹೇಳುತ್ತದೆ, ಜಾಗ ಹಿಡಿದುಕೊಡುವುದಿಲ್ಲ. ಬದಲಿಗೆ ಬಂದದ್ದು 'ಎಂಕೆಎಸ್‌ಟೆಂಪ್'. ಇದು ಹೆಸರು ಹುಡುಕಿ, 'ಈ ಫೈಲು ಇಲ್ಲದಿದ್ದರೆ ಮಾತ್ರ ಸೃಷ್ಟಿಸು, ಇದ್ದರೆ ನಿರಾಕರಿಸು' ಎಂದು ಕಾರ್ಯವ್ಯವಸ್ಥೆಗೆ ಒಂದೇ ಉಸಿರಿನಲ್ಲಿ ಹೇಳುತ್ತದೆ. ಕೇಳುವುದು ಮತ್ತು ಕೂರುವುದು ಎರಡೂ ಒಂದೇ ಕ್ರಿಯೆ, ನಡುವೆ ಸಂದಿಲ್ಲ. ಹುಟ್ಟಿದ ಫೈಲನ್ನು ಅದರ ಒಡೆಯನ ಹೊರತು ಬೇರೆ ಸಾಮಾನ್ಯ ಬಳಕೆದಾರರು ಓದಲೂ ಆಗುವುದಿಲ್ಲ.

ಅವಳನ್ನು ಕಾಡಿದ ವಿಷಯ ಇನ್ನೊಂದಿತ್ತು. ಪ್ರತಿ ಟೆಸ್ಟಿಗೂ ಪ್ರತ್ಯೇಕ ಟೆಂಪ್ ಕೊಟ್ಟು ಅವಳು ಒಳ್ಳೆಯ ಪದ್ಧತಿಯನ್ನೇ ಪಾಲಿಸಿದ್ದಳು. ಆದರೆ ಆ ಒಳ್ಳೆಯ ಪದ್ಧತಿ ಈ ದೋಷವನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಟೆಸ್ಟಿನೊಳಗೆ ಪ್ರತಿ ಶಾಖೆಗೂ ಅದರದೇ ಕೋಣೆ. ಗ್ರಾಹಕರ ಸರ್ವರಿನಲ್ಲಿ ಎಲ್ಲ ಶಾಖೆಗಳೂ ಒಂದೇ ಡಬ್ಬಿಯಲ್ಲಿ. ಮೂರು ಸಲ ಓಡಿಸಿ ಪಾಸೆನ್ನುವುದು ದೋಷ ಮುಚ್ಚುವ ಒರಟು ವಿಧಾನವಾಗಿದ್ದರೆ, ತಾನು ಮಾಡಿದ್ದು ನಾಜೂಕಿನ ವಿಧಾನ. ನಾಲ್ಕು ರಾತ್ರಿಯ ಹಸಿರಿಗೆ ಅರ್ಥ ಅಷ್ಟೇ.

ಪ್ರತ್ಯೇಕ ಡೈರೆಕ್ಟರಿಗಳನ್ನು ಅವಳು ತೆಗೆಯಲಿಲ್ಲ, ಉಳಿದ ಟೆಸ್ಟುಗಳಿಗೆ ಅದೇ ಸರಿ. ಹೊಸದಾಗಿ ಒಂದು ಟೆಸ್ಟ್ ಬರೆದಳು. ಅದರಲ್ಲಿ ಬೇಕೆಂದೇ ಎರಡು ಶಾಖೆಗಳಿಗೂ ಒಂದೇ ಟೆಂಪ್, ಗಡಿಯಾರವನ್ನು ಒಂದೇ ಸೆಕೆಂಡಿನಲ್ಲಿ ನಿಲ್ಲಿಸಿ, ನೋಡುವ ಸಾಲಿಗೂ ಬರೆಯುವ ಸಾಲಿಗೂ ನಡುವೆ ಎರಡನ್ನೂ ಕಾಯಿಸಿ, ಒಟ್ಟಿಗೆ ಬಿಡುವುದು. ಆ ಟೆಸ್ಟು ಒಮ್ಮೊಮ್ಮೆ ಫೇಲಾಗಲಿಲ್ಲ. ಓಡಿಸಿದಾಗಲೆಲ್ಲ ಫೇಲಾಯಿತು, ಅವಳ ಲ್ಯಾಪ್‌ಟಾಪಿನಲ್ಲೂ.

ಹಸಿರಾಗಿದ್ದ ಪಟ್ಟಿಯ ಮೇಲೆ, ಗುತ್ತಿಗೆ ಮುಗಿಯುವ ಹೊತ್ತಿಗೆ, ತಾನೇ ಕೆಂಪು ಹಚ್ಚುವುದು ಸುಲಭವಿರಲಿಲ್ಲ. ಒಂದು ದಿನ ಸುಮ್ಮನಿದ್ದಳು. ಎರಡನೆಯ ದಿನ ಮುಖ್ಯಸ್ಥರ ಮೇಜಿನ ಹತ್ತಿರ ಹೋಗಿ, "ಸರ್, ಎರಡು ನಿಮಿಷ ಇದೆಯಾ?" ಎಂದು ಹಿಂದಿಯಲ್ಲಿ ಕೇಳಿ ಟೆಸ್ಟು ಓಡಿಸಿ ತೋರಿಸಿದಳು. ಅವರು ಮೂರು ಸಲ ತಾವೇ ಓಡಿಸಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಗ್ರಾಹಕರಲ್ಲಿ ಹೀಗೆ ಆಗಿದೆಯೇ?

ದೂರುಗಳ ಪಟ್ಟಿಯನ್ನು ತೆಗೆದು ನೋಡಿದರು. ತಮ್ಮ ವಿವರದಲ್ಲಿ ಬೇರೆ ಶಾಖೆಯವರ ಹೆಸರು ಬಂದಿದೆ ಎಂಬ ಎರಡು ಹಳೆಯ ದೂರು ಸಿಕ್ಕವು. ಎರಡರ ಮುಂದೆಯೂ ಒಂದೇ ಷರಾ: 'ಮತ್ತೆ ಓಡಿಸಿದಾಗ ಸರಿ ಬಂತು, ಮುಕ್ತಾಯ.' ಅಲ್ಲಿಯೂ ಮರುಪ್ರಯತ್ನವೇ ಉತ್ತರವಾಗಿತ್ತು. ಯಾರೋ ಒಬ್ಬರು ದಿನದ ಗಳಿಕೆ ಕಟ್ಟಿಟ್ಟ ಲೆಕ್ಕ ಇನ್ಯಾರದೋ ಕೈಯಲ್ಲಿ ಅರ್ಧ ದಿನ ಇತ್ತು.

ತಂತ್ರಾಂಶದ ತಿದ್ದುಪಡಿಗೆ ಒಂದು ಮಧ್ಯಾಹ್ನ ಸಾಕಾಯಿತು. ಹೆಸರನ್ನು ಎಂಕೆಎಸ್‌ಟೆಂಪ್‌ನಿಂದ ಪಡೆದು, ಪೂರ್ತಿ ಬರೆದ ಮೇಲೆಯೇ ಆಯಾ ಶಾಖೆಯ ಡೈರೆಕ್ಟರಿಯಲ್ಲಿ ಅಂತಿಮ ಹೆಸರಿಗೆ ಬದಲಿಸುವುದು. ತಾತ್ಕಾಲಿಕ ಫೈಲನ್ನೂ ಅದೇ ಡೈರೆಕ್ಟರಿಯಲ್ಲಿ ಹುಟ್ಟಿಸಬೇಕೆಂದು ದಾದಾ ನೆನಪಿಸಿದರು. ಒಂದೇ ಕಡತ ವ್ಯವಸ್ಥೆಯೊಳಗಾದರೆ ಹೆಸರು ಬದಲಿಸುವುದು ಒಂದೇ ಏಟಿಗೆ ಆಗುತ್ತದೆ, ಅರ್ಧ ಬರೆದ ಫೈಲು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಸ ಟೆಸ್ಟು ಹಸಿರಾಯಿತು. 'ಮೂರು ಸಲ ಓಡಿಸು' ಎಂಬ ಸೂಚನೆಯನ್ನು ಮುಖ್ಯಸ್ಥರು ಎಲ್ಲ ಟೆಸ್ಟುಗಳಿಂದಲೂ ತೆಗೆಸಿದರು. ಮರುದಿನ ಬೆಳಿಗ್ಗೆ ಬೇರೆ ಹನ್ನೊಂದು ಟೆಸ್ಟುಗಳು ಕೆಂಪಾಗಿದ್ದವು, ಬೇರೆಯವರ ಹೆಸರಿನಲ್ಲಿ. ಆ ವಾರ ಅವಳ ಮೇಲೆ ಕೆಲವರು ಮುನಿಸಿಕೊಂಡಿದ್ದರು.

ಮಾರ್ಚ್ ಕೊನೆಯಲ್ಲಿ ಗುತ್ತಿಗೆ ನವೀಕರಣವಾಯಿತು. ಖಾಯಂ ಏನೂ ಆಗಲಿಲ್ಲ, ಇನ್ನೂ ಆರು ತಿಂಗಳು. ಅದರ ಮುಂದೆ ಅವಳಿಲ್ಲದಿದ್ದರೂ ಬರುವವರಿಗೆ ಬೇಕಾಗಬಹುದೆಂದು ತಂಡದ ಕೈಪಿಡಿಯಲ್ಲಿ ನಾಲ್ಕು ಸಾಲು ಸೇರಿಸಿದಳು. ಹೆಸರನ್ನು ನೀವು ಕೊಡಬೇಡಿ, ಕೇಳಿ ಪಡೆಯಿರಿ. ನೀವು ಹುಟ್ಟಿಸಿದ್ದನ್ನು ಮಾತ್ರ ಅಳಿಸಿ. ಫೇಲಾದರೆ ಸ್ವಲ್ಪ ದಿನ ಉಳಿಸಿ. ಪ್ರತ್ಯೇಕ ಮಾಡುವ ಮೊದಲು, ಬೆರೆತದ್ದು ಏಕೆಂದು ಕೇಳಿ.

ಅಪ್ಪಯ್ಯನಿಗೆ ಇದನ್ನು ಓದಿ ಹೇಳಿದಾಗ ಅವರು ಎರಡನೆಯ ಸಾಲಿಗೆ ತಲೆಯಾಡಿಸಿದರು. ಆ ಹೊಸ ಹುಡುಗನನ್ನು ಆಗ ಏನು ಮಾಡಿದಿರಿ ಎಂದು ಅವಳು ಕೇಳಿದಳು. ಏನೂ ಮಾಡಲಿಲ್ಲವಂತೆ. ಆ ಬೆಳಿಗ್ಗೆ ಇಡ್ಲಿ ಇಲ್ಲ ಎಂದು ಬೋರ್ಡಿನಲ್ಲಿ ಬರೆದು, ಹಿಟ್ಟಿನ ಪಾತ್ರೆಗಳಿಗೆಲ್ಲ ರುಬ್ಬಿದವರ ಹೆಸರಿನ ಚೀಟಿ ಅಂಟಿಸಿದರಂತೆ.